ಪಾಸ್‌ವರ್ಡ್ ಸರಿಯಾಗೇ ಇದೆ, ಆದ್ರೂ ಪ್ರಿಂಟರ್ ಅನ್‌ಲಾಕ್ ಆಗ್ತಿಲ್ಲ (ವಿಂಡೋಸ್ ಬದಲು ಹಾಕೋ ಉಬುಂಟು 22.04)

ತಿಪಟೂರು ಜೆರಾಕ್ಸ್:
ನಮಸ್ಕಾರ. ಎಪಿಎಂಸಿ ಹತ್ರ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಕೊಂಡಿದೀನಿ. ನಿನ್ನೆ ಹೊಸ ಪ್ರಿಂಟರ್ ತಂದೆ. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್‌ಗೆ ಹೋಗಿ ಅನ್‌ಲಾಕ್ ಒತ್ತಿದ್ರೆ ಪಾಸ್‌ವರ್ಡ್ ಕೇಳುತ್ತೆ. ದಿನಾ ಬೆಳಿಗ್ಗೆ ಲಾಗಿನ್ ಆಗೋದನ್ನೇ ಹಾಕಿದ್ರೂ ತಪ್ಪು ಅನ್ನುತ್ತೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಸುಡೊ, ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ ಕೆಲಸ ಮಾಡಿಸೋ ಕಮಾಂಡ್, ಹಾಕಿ ನೋಡಿದೆ. ನೀವು ಸುಡೊಯರ್ಸ್ ಫೈಲ್‌ನಲ್ಲಿಲ್ಲ, ಇದನ್ನ ರಿಪೋರ್ಟ್ ಮಾಡ್ತೀವಿ ಅಂತ ಇಂಗ್ಲಿಷಲ್ಲಿ ಬಂತು. ಯಾರಿಗೆ ರಿಪೋರ್ಟ್ ಹೋಗುತ್ತೆ? ನಾಳೆ ಕೊಬ್ಬರಿ ಹರಾಜು, ಪಹಣಿ ಪ್ರಿಂಟ್‌ಗೆ ರೈತರು ಬರ್ತಾರೆ. ಫಾರ್ಮ್ಯಾಟ್ ಮಾಡೋ ಹಾಗಿಲ್ಲ, ವರ್ಷಗಟ್ಟಲೆ ಮಾಡಿದ ಲಗ್ನಪತ್ರಿಕೆ ಫೈಲೆಲ್ಲ ಇದರಲ್ಲೇ ಇದೆ.

ಗುಬ್ಬಿಯವ:
ಕೀಬೋರ್ಡ್ ಕನ್ನಡದಲ್ಲಿದೆಯಾ ನೋಡಿ ಸಾರ್. ಬಾಕ್ಸ್‌ನಲ್ಲಿ ಬರೀ ಚುಕ್ಕಿ ಕಾಣೋದು, ಗೊತ್ತೇ ಆಗಲ್ಲ. ನನಗೆ ಎರಡು ಸಲ ಹಿಂಗೇ ಆಗಿದೆ. ಬಾಕ್ಸ್ ಮುಚ್ಚಿ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ತಂದು ಮತ್ತೆ ಹಾಕಿ.

ಲ್ಯಾಬ್ ಮೇಡಂ, ಚಿಂತಾಮಣಿ:
ಕೀಬೋರ್ಡ್ ಕಾರಣ ಅಲ್ಲ ಅನ್ಸುತ್ತೆ. ಪಾಸ್‌ವರ್ಡ್ ತಪ್ಪಿದ್ದರೆ ಸುಡೊ 'ಸಾರಿ, ಟ್ರೈ ಅಗೈನ್' ಅಂತಿತ್ತು. ಸುಡೊಯರ್ಸ್ ಮಾತು ಬರೋದು ಪಾಸ್‌ವರ್ಡ್ ಒಪ್ಪಿದ ಮೇಲೆ. ಅಂದ್ರೆ ನೀವು ಯಾರು ಅಂತ ಅದಕ್ಕೆ ಗೊತ್ತು, ನಿಮಗೆ ಅಧಿಕಾರ ಇಲ್ಲ ಅಷ್ಟೆ. ರಿಪೋರ್ಟ್ ಬಗ್ಗೆ ಹೆದರಬೇಡಿ, ನಿಮ್ಮ ಕಂಪ್ಯೂಟರ್‌ನ ಲಾಗ್‌ನಲ್ಲೇ ಬರೆದಿಡುತ್ತೆ, ಹೊರಗಿನವರಿಗೆ ದೂರು ಹೋಗಲ್ಲ. ಅನ್‌ಲಾಕ್ ಬಾಕ್ಸ್‌ನಲ್ಲಿ ಪಾಸ್‌ವರ್ಡ್ ಜಾಗದ ಮೇಲೆ ಯಾರ ಹೆಸರಿದೆ, ನೋಡಿ ಹೇಳಿ.

ತಿಪಟೂರು ಜೆರಾಕ್ಸ್:
ನಮ್ಮ ಭಾಮೈದನ ಹೆಸರು! ಉಬುಂಟು ಹಾಕಿಕೊಟ್ಟವನು ಅವನೇ, ನನ್ನ ಅಕೌಂಟ್ ಆಮೇಲೆ ಮಾಡಿದ್ದು. ಇಷ್ಟು ದಿನ ಆ ಹೆಸರು ಕಣ್ಣಿಗೇ ಬಿದ್ದಿರಲಿಲ್ಲ. ಫೋನ್ ಮಾಡಿದೆ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ.

ಲ್ಯಾಬ್ ಮೇಡಂ, ಚಿಂತಾಮಣಿ:
ಹಾಗಾದ್ರೆ ಬಾಕ್ಸ್ ಕೇಳ್ತಿರೋದು ಅವರ ಪಾಸ್‌ವರ್ಡ್. ನಿಮ್ಮದನ್ನ ಬದಲಾಯಿಸೋಕೆ ಹೋಗಬೇಡಿ, ನಿಮ್ಮ ಅಕೌಂಟನ್ನ ಸುಡೊ ಗುಂಪಿಗೆ ಸೇರಿಸಿದ್ರೆ ಸಾಕು. ರೀಸ್ಟಾರ್ಟ್ ಮಾಡಿ, ಕಂಪನಿ ಲೋಗೋ ಹೋಗ್ತಿದ್ದ ಹಾಗೇ ಎಸ್ಕೇಪ್ ಒಂದೇ ಸಲ ಒತ್ತಿ. ಪಟಪಟ ಒತ್ತಿದ್ರೆ ಮೆನು ದಾಟಿ 'ಗ್ರಬ್' ಅಂತ ಬರೆದಿರೋ ಕಪ್ಪು ಪರದೆಗೆ ಹೋಗುತ್ತೆ. ಹಳೇ ಯಂತ್ರವಾದ್ರೆ ಶಿಫ್ಟ್ ಹಿಡ್ಕೊಳ್ಳಿ. ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ರಿಕವರಿ ಮೋಡ್ ಅನ್ನೋ ಸಾಲು, ಆಮೇಲೆ ರೂಟ್ (ಪೂರ್ತಿ ಅಧಿಕಾರದ ಕಮಾಂಡ್ ಪರದೆ). ಮೊದಲು ಡಿಸ್ಕನ್ನ ಬರೆಯೋ ಹಾಗೆ ಮಾಡ್ಕೊಳ್ಳಿ: ಮೌಂಟ್, ಮೈನಸ್ ಓ, ರೀಮೌಂಟ್ ಕಾಮಾ ಆರ್‌ಡಬ್ಲ್ಯೂ, ಕೊನೆಗೆ ಸ್ಲ್ಯಾಶ್. ಕಾಮಾ ಪಕ್ಕ ಜಾಗ ಬಿಡಬಾರದು. ಆಮೇಲೆ ಆಡ್‌ಯೂಸರ್, ನಿಮ್ಮ ಲಾಗಿನ್ ಹೆಸರು, ಸುಡೊ. ರೀಬೂಟ್.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡದ (ಪಾಸ್‌ವರ್ಡ್ ಇಲ್ಲದೆ ಓದೋಕಾಗದ ಹಾಗೆ ಬೀಗ ಹಾಕದ) ಯಂತ್ರದ ಮುಂದೆ ಯಾರೇ ಕೂತರೂ ಇದೇ ದಾರಿ ಹಿಡೀಬಹುದು. ಜನರ ಆಧಾರ್ ಸ್ಕ್ಯಾನ್ ಡೆಸ್ಕ್‌ಟಾಪ್ ಮೇಲೆ ಉಳಿಸಿಡಬೇಡಿ.

ತಿಪಟೂರು ಜೆರಾಕ್ಸ್:
ಆಯ್ತು ಮೇಡಂ! ಶಿಫ್ಟ್‌ಗೆ ಮೆನು ಬಂತು. ಈಗ ಬಾಕ್ಸ್‌ನಲ್ಲಿ ನನ್ನ ಹೆಸರೇ ಬರ್ತಿದೆ, ಟೆಸ್ಟ್ ಪೇಜ್ ಕೂಡ ಬಂತು. ಆಧಾರ್ ಫೈಲ್ ನೂರಕ್ಕಿಂತ ಜಾಸ್ತಿ ಇದ್ದವು, ಕೂತು ಅಳಿಸಿದೆ. ಕೆಲಸದ ಹುಡುಗಿ ಅಕೌಂಟಿಗೂ ಸುಡೊ ಕೊಡಬೇಕಾ?

ಲ್ಯಾಬ್ ಮೇಡಂ, ಚಿಂತಾಮಣಿ:
ಬೇಡ. ಎಲ್‌ಪಿಅಡ್ಮಿನ್ ಗುಂಪಿಗೆ ಸೇರಿಸಿ, ಪ್ರಿಂಟರ್‌ಗೆ ಅಷ್ಟು ಸಾಕು. ಸೇರಿಸಿದ ಮೇಲೆ ಅವಳು ಒಂದ್ಸಲ ಲಾಗ್ಔಟ್ ಆಗಿ ಬರಬೇಕು.