ಅಪ್‌ಡೇಟ್: ಒಗ್ಗರಣೆಗೆ ಕೂಗದ ಅಲಾರಂ ಹಾಕಿಸಿದ್ವಿ
ಬೆಂಗಳೂರಿನ ನಮ್ಮ ಫ್ಲಾಟ್‌ಗೆ ಯಾವ ಸ್ಮೋಕ್ ಅಲಾರಂ ಒಳ್ಳೇದು, ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತಾ ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಕೊನೆಗೆ ಫೋಟೋಎಲೆಕ್ಟ್ರಿಕ್ ತಗೊಂಡೆವು. ಒಳಗೆ ಸಣ್ಣ ಬೆಳಕು ಇರುತ್ತದೆ. ಹೊಗೆ ನುಗ್ಗಿದರೆ ಆ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತದೆ, ಆಗ ಅಲಾರಂ ಕೂಗುತ್ತದೆ. ಹಾಸಿಗೆ, ಸೋಫಾ ಒಳಗೊಳಗೇ ಹೊಗೆಯಾಡಿದರೆ ಬೇಗ ಗೊತ್ತಾಗುತ್ತದಂತೆ. ಬೆಡ್‌ರೂಮುಗಳ ಸೀಲಿಂಗ್‌ಗೆ ಒಂದೊಂದು, ಹೊರಗಿನ ಪ್ಯಾಸೇಜ್‌ಗೆ ಒಂದು, ಫ್ಯಾನಿನ ಗಾಳಿ ನೇರ ಬಡಿಯದ ಕಡೆ ಹಾಕಿಸಿದೆವು.

ಅಡುಗೆಮನೆಗೆ ಮಾತ್ರ ಹೀಟ್ ಅಲಾರಂ. ಅದು ಕೂಗೋದು ಹೊಗೆಗಲ್ಲ, ಬಿಸಿಗೆ. ಬ್ಯಾಡಗಿ ಮೆಣಸಿನಕಾಯಿ ಹುರಿದು ಮನೆಯವರೆಲ್ಲ ಕೆಮ್ಮಿದರೂ ಅದು ಸುಮ್ನಿತ್ತು! ಪ್ಯಾಸೇಜಿನದು ಸಾಂಬ್ರಾಣಿ ಹೊಗೆಗೆ ಒಮ್ಮೆ ಕೂಗಿತು, ಅಷ್ಟೆ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತುವ ಕೆಲಸ ಅತ್ತೆಯವರದು. ಕೋಲಿನ ತುದಿಯಿಂದ ಒತ್ತುತ್ತಾರೆ. ಸೆನ್ಸರ್‌ಗೂ ವಯಸ್ಸಾಗುತ್ತದೆ, ಹಾಗಾಗಿ 10 ವರ್ಷಕ್ಕೆ ಇಡೀ ಅಲಾರಂ ಬದಲಿಸಬೇಕು.