ನೂರು ದಿನಗಳ ಓಟದ ಸವಾಲು ಮತ್ತು ನನ್ನ ಜಾಲತಾಣ: ತಪ್ಪಿದ ದಿನಗಳನ್ನೂ ತೋರಿಸಬೇಕೆ?

ಪ್ರಶ್ನೆ: ಬದಿಯಡ್ಕದ ವಿದ್ಯಾರ್ಥಿನಿ

ನಾನು ಕಂಪ್ಯೂಟರ್ ಸಯನ್ಸ್ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಮೇ ತಿಂಗಳ ಮಧ್ಯದಲ್ಲಿ ಎರಡು ಸಂಕಲ್ಪಗಳನ್ನು ಒಟ್ಟಿಗೆ ಮಾಡಿಕೊಂಡೆ. ನೂರು ದಿನ, ದಿನಕ್ಕೆ 45 ನಿಮಿಷ ಓಡುವುದು ಒಂದು. ಉದ್ಯೋಗಕ್ಕೆ ಅರ್ಜಿ ಹಾಕುವ ಮೊದಲು ನನ್ನ ಕೆಲಸಗಳನ್ನು ತೋರಿಸುವ ಜಾಲತಾಣವನ್ನು ನಾನೇ ಕಟ್ಟುವುದು ಇನ್ನೊಂದು. ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಎಣಿಸಬೇಕೆಂಬ ನಿಯಮವನ್ನು ಅಂತರ್ಜಾಲದ ಇಂತಹ ಸವಾಲುಗಳಿಂದಲೇ ತೆಗೆದುಕೊಂಡಿದ್ದೆ.

ಮನೆಯ ಮೇಲಿನ ಪದವಿನಲ್ಲಿ, ಎಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, 22 ದಿನ ಓಡಿದೆ. ಇಪ್ಪತ್ತಮೂರನೆಯ ದಿನ ಮಳೆ ಹಿಡಿಯಿತು; ಮುರಕಲ್ಲಿನ ಮೇಲೆ ಪಾಚಿ ಕಟ್ಟಿ ಕಾಲಿಡುವುದೇ ಕಷ್ಟವಾಯಿತು. ಅಷ್ಟರಲ್ಲಿ ಎರಡೂ ಕಾಲುಗಳಲ್ಲಿ ಮೊಣಕಾಲಿನಿಂದ ಕೆಳಗೆ, ಮುಂಭಾಗದ ಎಲುಬಿನ ಒಳಮಗ್ಗುಲಿನಲ್ಲಿ ನೋವು ಕಾಣಿಸಿಕೊಂಡಿತ್ತು. ಹೀಗೆ ಐದು ದಿನ ತಪ್ಪಿದವು. ಜಾಲತಾಣದ ಸ್ಥಿತಿಯೂ ಉತ್ತಮವಾಗಿಲ್ಲ: ನಾಲ್ಕು ಬಾರಿ ವಿನ್ಯಾಸ ಬದಲಿಸಿದ್ದೇನೆ, ಆದರೆ ಒಳಗೆ ಇಡಲು ಕಾಲೇಜಿನ ಒಂದು ಪ್ರಾಜೆಕ್ಟ್ ಬಿಟ್ಟರೆ ಬೇರೇನೂ ಇಲ್ಲ. ಓಟದ ದಾಖಲೆಯನ್ನೇ ಜಾಲತಾಣದ ವಿಷಯವನ್ನಾಗಿ ಮಾಡಬಹುದೆ? ಮಾಡಿದರೆ, ತಪ್ಪಿದ ಐದು ದಿನಗಳು ಅದರಲ್ಲಿ ಕಾಣಬೇಕೆ?

ಉತ್ತರ: ನೀರ್ಚಾಲಿನ ನಿವೃತ್ತ ದೈಹಿಕ ಶಿಕ್ಷಕ

ಮೊದಲು ಕಾಲಿನ ವಿಚಾರ, ಮಗಳೇ. ನೀನು ವಿವರಿಸಿದ್ದು ಓಟಕ್ಕೆ ಹೊಸಬರಲ್ಲಿ ಬಹಳ ಸಾಮಾನ್ಯವಾದ ನೋವು. ಅದನ್ನು ಶಿನ್ ಸ್ಪ್ಲಿಂಟ್ ಎನ್ನುತ್ತಾರೆ. ಅಭ್ಯಾಸವಿಲ್ಲದ ಕಾಲಿಗೆ, ಗಟ್ಟಿ ನೆಲದ ಮೇಲೆ, ವಿಶ್ರಾಂತಿಯ ದಿನವೇ ಇಲ್ಲದೆ ಭಾರ ಬಿದ್ದಾಗ ಅದು ಬರುತ್ತದೆ. ಆದರೆ ಬೆರಳಿನಿಂದ ಒತ್ತಿದಾಗ ಒಂದೇ ಬಿಂದುವಿನಲ್ಲಿ ತೀವ್ರವಾಗಿ ನೋಯುತ್ತಿದ್ದರೆ, ಅಥವಾ ರಾತ್ರಿ ಮಲಗಿದಾಗಲೂ ನೋವು ಹೋಗದಿದ್ದರೆ, ಎಲುಬಿನಲ್ಲಿ ಸೂಕ್ಷ್ಮ ಬಿರುಕು ಇರಬಹುದು. ಆಗ ವೈದ್ಯರಿಗೆ ತೋರಿಸದೆ ಒಂದು ಹೆಜ್ಜೆಯನ್ನೂ ಓಡಬಾರದು.

ಲೆಕ್ಕವನ್ನೂ ನೋಡು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು, ಇಲ್ಲವೆ ಓಟದಂತಹ ತೀವ್ರ ಶ್ರಮವಾದರೆ 75ರಿಂದ 150 ನಿಮಿಷಗಳನ್ನು ಹೇಳುತ್ತದೆ. ಜೊತೆಗೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಇರಬೇಕು. ನೀನು ಮೊದಲ ವಾರದಿಂದಲೇ 315 ನಿಮಿಷ ಓಡಿದೆ. ಸೊನ್ನೆಯಿಂದ ಐದು ಕಿಲೋಮೀಟರ್‌ವರೆಗೆ ಓಡಿಸುವ ಪ್ರಸಿದ್ಧ ಒಂಬತ್ತು ವಾರಗಳ ಕ್ರಮದಲ್ಲಿಯೂ ವಾರಕ್ಕೆ ಮೂರೇ ದಿನ ಓಟವಿದೆ. ಆರಂಭದಲ್ಲಿ 60 ಸೆಕೆಂಡ್ ಓಡಿ 90 ಸೆಕೆಂಡ್ ನಡೆಯುವುದಷ್ಟೇ. ಓಡದ ದಿನದಲ್ಲಿಯೇ ಎಲುಬು, ಸ್ನಾಯುಗಳು ತಮ್ಮನ್ನು ತಾವು ದುರಸ್ತಿ ಮಾಡಿಕೊಳ್ಳುತ್ತವೆ. ಆದುದರಿಂದ ‘ತಪ್ಪಿದರೆ ಒಂದರಿಂದ’ ಎಂಬ ನಿಯಮವನ್ನು ಇಂದೇ ಕೈಬಿಡು. ವಾರಕ್ಕೆ ಮೂರು ದಿನ ಓಟ, ಎರಡು ದಿನ ಚಾವಡಿಯಲ್ಲಿಯೇ ಬೈಠಕ್, ದಂಡ ಮತ್ತು ಸೂರ್ಯನಮಸ್ಕಾರ ಇಟ್ಟುಕೊಂಡರೆ ಆಟಿ ತಿಂಗಳ ಮಳೆಯಲ್ಲಿಯೂ ಸಾಗುತ್ತದೆ. ಓಟವನ್ನು ನೋವು ಪೂರ್ತಿ ಇಳಿದ ಮೇಲೆಯೇ ಆರಂಭಿಸು.

ಉತ್ತರ: ಮಂಜೇಶ್ವರದವಳು, ಮಂಗಳೂರಿನಲ್ಲಿ ವೆಬ್ ಡೆವಲಪರ್

ತಂಗಿ, ತಪ್ಪಿದ ದಿನಗಳು ಖಂಡಿತವಾಗಿಯೂ ಕಾಣಬೇಕು. ನಮ್ಮ ಕಚೇರಿಯಲ್ಲಿ ಹೊಸಬರ ಜಾಲತಾಣಗಳನ್ನು ನೋಡುವ ಕೆಲಸ ನನಗೂ ಬರುತ್ತದೆ. ಎಲ್ಲರೂ ಹಾಕುವ, ಕೌಶಲಗಳ ಶೇಕಡಾವಾರು ಪಟ್ಟಿಯಿಂದ ನನಗೆ ಏನೂ ತಿಳಿಯುವುದಿಲ್ಲ. ಆದರೆ ಒಬ್ಬಳು ತನ್ನದೇ ಮಾಹಿತಿಯನ್ನು ದಿನವೂ ಸಂಗ್ರಹಿಸಿ, ಖಾಲಿ ದಿನಗಳನ್ನು ನಕ್ಷೆಯಲ್ಲಿ ಹೇಗೆ ತೋರಿಸಬೇಕೆಂದು ಯೋಚಿಸಿ, ನಿಯಮವನ್ನು ನಡುವೆ ಏಕೆ ಬದಲಿಸಿದೆನೆಂದು ಎರಡು ಪ್ಯಾರಾ ಬರೆದಿದ್ದರೆ, ಅವಳ ಕೆಲಸದ ರೀತಿಯೇ ನನ್ನ ಕಣ್ಣಮುಂದೆ ಬರುತ್ತದೆ.

ಐದನೆಯ ವಿನ್ಯಾಸಕ್ಕೆ ಕೈಹಾಕಬೇಡ. ದಿನಾಂಕ, ನಿಮಿಷ, ಯಾವ ವ್ಯಾಯಾಮ, ಟಿಪ್ಪಣಿ ಎಂಬ ನಾಲ್ಕು ಅಂಕಣಗಳ ಒಂದು ಜೇಸನ್ ಕಡತ (ಮಾಹಿತಿಯನ್ನು ಸರಳ ಪಠ್ಯವಾಗಿ ಇಡುವ ರೂಪ) ಮಾಡು. ಅದನ್ನು ಓದಿ ನೂರು ಚೌಕಗಳನ್ನು ಬಿಡಿಸುವ ಸಣ್ಣ ಜಾವಾಸ್ಕ್ರಿಪ್ಟ್ ಬರೆ. ಯಾವ ಸಿದ್ಧ ಟೆಂಪ್ಲೇಟಿನ ಅಗತ್ಯವೂ ಇಲ್ಲ. ಜಾಲತಾಣಗಳನ್ನು ಪ್ರಕಟಿಸುವ ಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ಸಾರ್ವಜನಿಕ ಕಡತಕೋಶದಿಂದ ಉಚಿತವಾಗಿ ಪ್ರಕಟಿಸಬಹುದು. ತಾಣದ ಗಾತ್ರ ಒಂದು ಜಿಬಿ ಮೀರಬಾರದೆಂಬ ಮಿತಿ ನಿನಗೆ ಅಡ್ಡಿಯಾಗದು. ದಿನವೂ ಕಡತ ಸೇರಿಸಿದ ಇತಿಹಾಸ ಅಲ್ಲಿ ತಾನಾಗಿಯೇ ಉಳಿಯುವುದರಿಂದ, ನಿನ್ನ ಕೆಲಸಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಕನ್ನಡದಲ್ಲಿಯೂ ಒಂದು ಪುಟ ಇರಲಿ ಎಂಬುದು ನನ್ನ ಆಸೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾವು ನಮ್ಮ ಕೆಲಸವನ್ನು ನಮ್ಮ ಭಾಷೆಯಲ್ಲಿ ವಿವರಿಸಲು ಹಿಂಜರಿಯಬಾರದು. ಕನ್ನಡ ಅಕ್ಷರಗಳು ಸರಿಯಾಗಿ ಮೂಡಲು ಅಕ್ಷರಸಂಕೇತ ಯುಟಿಎಫ್-8 ಇರಲಿ. ಪುಟದ ಭಾಷೆ ಕನ್ನಡವೆಂದು ಆರಂಭದಲ್ಲಿಯೇ ಸೂಚಿಸಿದರೆ ಪರದೆ ಓದುವ ತಂತ್ರಾಂಶಗಳಿಗೆ ಸರಿಯಾದ ಧ್ವನಿ ಆರಿಸಲು ಅನುಕೂಲ. ನೋಟೋ ಸಾನ್ಸ್ ಕನ್ನಡ ಅಕ್ಷರಶೈಲಿ ಉಚಿತವಾಗಿ ಸಿಗುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರವನ್ನು ಇಂಗ್ಲಿಷಿಗಿಂತ ಹೆಚ್ಚಿಸು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡ. ಓಟದ ಆ್ಯಪ್ ಬಿಡಿಸಿದ ದಾರಿಯ ನಕ್ಷೆಯನ್ನು ಹಾಗೆಯೇ ಹಾಕಿದರೆ ಅದು ನಿಮ್ಮ ಮನೆಯ ಅಂಗಳದಿಂದಲೇ ಆರಂಭವಾಗುತ್ತದೆ; ಯಾವ ಹೊತ್ತಿಗೆ ನೀನು ಒಬ್ಬಳೇ ಪದವಿನಲ್ಲಿರುತ್ತೀಯೆಂಬುದೂ ಅಪರಿಚಿತರಿಗೆ ತಿಳಿಯುತ್ತದೆ. ಓಟದ ದಾಖಲೆ ಇಡುವ ಆ್ಯಪ್ ಆದ ಸ್ಟ್ರಾವಾ ಪ್ರಕಟಿಸಿದ್ದ ಜಾಗತಿಕ ನಕ್ಷೆಯಲ್ಲಿ ಓಟಗಾರರ ಹೆಜ್ಜೆಗಳಿಂದ ಸೇನಾ ನೆಲೆಗಳ ಆಕಾರವೇ ಮೂಡಿದ್ದುದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು. ನಿಮಿಷ ಮತ್ತು ದೂರ ಸಾಕು, ದಾರಿ ಬೇಡ. ಚಿತ್ರಗಳನ್ನು ಏರಿಸುವ ಮೊದಲು ಅವುಗಳೊಳಗೆ ಫೋನ್ ಸೇರಿಸಿರುವ ಸ್ಥಳದ ಮಾಹಿತಿಯನ್ನೂ ತೆಗೆದುಹಾಕು.

ಬದಿಯಡ್ಕದ ವಿದ್ಯಾರ್ಥಿನಿ

ಮಾಷ್ಟ್ರೇ, ಒತ್ತಿ ನೋಡಿದೆ. ನೋವು ಉದ್ದಕ್ಕೆ ಹರಡಿದೆ, ಒಂದೇ ಕಡೆ ಇಲ್ಲ, ರಾತ್ರಿ ಇರುವುದಿಲ್ಲ. ನೋವು ಹೋಗುವವರೆಗೆ ಓಡುವುದಿಲ್ಲ. ಅಕ್ಕ, ನಕ್ಷೆಯ ಚಿತ್ರವೊಂದನ್ನು ಆಗಲೇ ಏರಿಸಿದ್ದೆ. ನಿಮ್ಮ ಮಾತು ಓದಿದ ಕೂಡಲೇ ತೆಗೆದೆ.

ಒಂದು ಸಂಶಯ ಉಳಿದಿದೆ. ಮಳೆ ಬಿಟ್ಟ ದಿನ ತೋಟಕ್ಕೆ ಮದ್ದು ಬಿಡುವಾಗ ಅಪ್ಪನೊಂದಿಗೆ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಪೈಪು ಎಳೆಯುತ್ತೇನೆ, ನೀರು ಹೊರುತ್ತೇನೆ. ಅದನ್ನು ವ್ಯಾಯಾಮವೆಂದು ಬರೆಯಬಹುದೆ?

ನೀರ್ಚಾಲಿನ ನಿವೃತ್ತ ದೈಹಿಕ ಶಿಕ್ಷಕ

ಧಾರಾಳವಾಗಿ ಬರೆ. ಭಾರ ಹೊರುವುದೂ ಎಳೆಯುವುದೂ ಸ್ನಾಯುಗಳನ್ನು ಬಲಪಡಿಸುವ ಕೆಲಸವೇ. ಅಂಕಣದಲ್ಲಿ ‘ತೋಟದ ಕೆಲಸ’ ಎಂದೇ ಹೆಸರಿಸು. ಅದರ ಮರುದಿನ ಕಾಲಿಗೂ ಬೆನ್ನಿಗೂ ವಿಶ್ರಾಂತಿ ಕೊಡು.