ಓದುಗರ ಸ್ಪಂದನ: ‘ಲಾಸೋ ಲಾ’ ಅಂದರೆ ಅರ್ಥವಾಯಿತು ಅಂತಲಾ?

ಕಳೆದ ಸಂಚಿಕೆಯಲ್ಲಿ, ಭೂತಾನಿನ ಹಾ ಕಣಿವೆಯಲ್ಲಿ ಅಲ್ಲಿನ ಸೈನಿಕರಿಗೆ ತರಬೇತಿ ಕೊಡುತ್ತಿರುವ ಕನ್ನಡಿಗ ಮೇಜರ್ ಒಬ್ಬರು ಬರೆದಿದ್ದರು: “ಎಂಟು ತಿಂಗಳಾಯಿತು. ನಾನು ಏನು ಹೇಳಿದರೂ ‘ಲಾಸೋ ಲಾ’ (ಆಯಿತು ಸರ್) ಅನ್ನುತ್ತಾರೆ. ಆಮೇಲೆ ತಮ್ಮ ರೀತಿಯಲ್ಲೇ ಮಾಡುತ್ತಾರೆ. ಗದರುವ ಹಾಗಿಲ್ಲ, ಅವರು ನನ್ನ ಕೈಕೆಳಗಿನವರಲ್ಲ. ಸಂಜೆಯಾದರೆ ಬುಖಾರಿ ಒಲೆ ಮುಂದೆ ಒಬ್ಬನೇ. ಮನೆಗೆ ಫೋನ್ ಮಾಡಿದರೆ ಹೇಳಲು ಏನೂ ಇರುವುದಿಲ್ಲ. ಆರನೇ ಕ್ಲಾಸಿನ ಮಗಳು ಎರಡು ಮಾತಾಡಿ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತಾಳೆ. ನಾನು ಇಲ್ಲಿ ಮಾಡುತ್ತಿರುವುದಾದರೂ ಏನು?”

ಬಂದ ಉತ್ತರಗಳಲ್ಲಿ ಕೆಲವು:

ಮೇಜರ್, ನಿಮ್ಮ ಪತ್ರ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ನನ್ನದೂ ಇದೇ ಕಥೆ. ನಮ್ಮ ಸೇನೆಯ ತರಬೇತಿ ತಂಡ 2001ರಲ್ಲಿ ಲೆಸೋಥೋಗೆ ಹೋಯಿತು. ಸುತ್ತ ನಾಲ್ಕೂ ಕಡೆ ದಕ್ಷಿಣ ಆಫ್ರಿಕಾ, ನಡುವೆ ಗುಡ್ಡಗಳ ಪುಟ್ಟ ದೇಶ. ಒಂದೆರಡು ವರ್ಷದ ಮೇಲೆ ನನ್ನ ಸರದಿ ಬಂತು. ಅಲ್ಲಿ ಗಂಡಸರನ್ನು ‘ನ್ತಾತೆ’ ಅಂತ ಕರೆಯುತ್ತಾರೆ. ಅಪ್ಪ ಅಂತ ಅರ್ಥ. ನಾವು ಯಾರನ್ನಾದರೂ ಅಣ್ಣ ಅನ್ನುವುದಿಲ್ಲವಾ, ಹಾಗೆ.

ರಾತ್ರಿ ದಿಕ್ಕು ಹುಡುಕುವ ಪಾಠ. ಊರಿಂದ ತಂದ ಹಳೆಯ ನೋಟ್ಸ್ ಕೈಯಲ್ಲಿತ್ತು. ಧ್ರುವ ನಕ್ಷತ್ರ ಗುರುತಿಸುವುದು ಹೇಗೆ ಅಂತ ಬೋರ್ಡ್ ತುಂಬ ಚುಕ್ಕಿ ಇಟ್ಟು ಅರ್ಧ ಗಂಟೆ ಕೊರೆದೆ. ಅರ್ಥವಾಯಿತಾ ಅಂದೆ. “ಎ, ನ್ತಾತೆ”, ಅಂದರೆ ಹೌದು ಅಂತ ಎಲ್ಲರೂ ತಲೆಯಾಡಿಸಿದರು. ಚಹಾ ಹೊತ್ತಿಗೆ ಒಬ್ಬ ಸಾರ್ಜೆಂಟ್ ನಿಧಾನವಾಗಿ ಹತ್ತಿರ ಬಂದು, ಆ ನಕ್ಷತ್ರ ನಮ್ಮ ಆಕಾಶದಲ್ಲಿ ಹುಟ್ಟುವುದೇ ಇಲ್ಲವಲ್ಲ ಅಂದ. ಭೂಮಧ್ಯರೇಖೆ ದಾಟಿ ದಕ್ಷಿಣಕ್ಕೆ ಹೋದವನಿಗೆ ಅಷ್ಟೂ ತಲೆಗೆ ಹೊಳೆದಿರಲಿಲ್ಲ! ಅವರು ಹೌದು ಅಂದಿದ್ದು ನನ್ನ ಪಾಠಕ್ಕಲ್ಲ, ನನ್ನ ಮರ್ಯಾದೆ ಉಳಿಸಲು.

ಅವತ್ತು ರಾತ್ರಿ ಅದೇ ಸಾರ್ಜೆಂಟ್ ಕೈಯಲ್ಲಿ ಪಾಠ ಮಾಡಿಸಿದೆ. ಶಿಲುಬೆ ಆಕಾರದ ನಕ್ಷತ್ರಗಳಿಂದ ದಕ್ಷಿಣ ದಿಕ್ಕು ಹಿಡಿಯುವುದನ್ನು ಅವನು ತೋರಿಸಿದ, ನಾನು ಹಿಂದಿನ ಸಾಲಿನಲ್ಲಿ ಕೂತೆ. ಮಾರನೇ ದಿನದಿಂದ ಪ್ರಶ್ನೆಗಳು ಶುರುವಾದವು. ನಿಮ್ಮವರು ತಮ್ಮ ರೀತಿಯಲ್ಲಿ ಮಾಡುತ್ತಾರೆ ಅಂದಿರಿ. ಯಾಕೆ ಹಾಗೆ ಅಂತ ಒಂದು ಸಲವಾದರೂ ಕೇಳಿದ್ದೀರಾ? ಆ ಗುಡ್ಡ ಅವರದು.
– ನಿವೃತ್ತ ಕರ್ನಲ್, ಗೋಣಿಕೊಪ್ಪ

ಇಪ್ಪತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು. “ಗೊತ್ತಾಯ್ತಾ ಮಕ್ಕಳೇ?” ಅಂದರೆ “ಆಯ್ತು ಮಿಸ್” ಬಿಟ್ಟು ಬೇರೆ ಉತ್ತರ ಒಂದು ದಿನವೂ ಬಂದಿಲ್ಲ. ಅದನ್ನು ಕೇಳಲೇಬೇಡಿ ಸರ್. ಮಾಡಿ ತೋರಿಸು ಅನ್ನಿ. ತಪ್ಪು ಮಾಡಿದರೆ ಎಲ್ಲರ ಎದುರು ತಿದ್ದಬೇಡಿ, ದೊಡ್ಡವರಿಗಂತೂ ಬೇಡ.
– ಶಿಕ್ಷಕಿ, ಶಿರಸಿ

ಮೇಜರ್ ಸಾಹೇಬರೇ, ನಮ್ಮ ಯಜಮಾನರು ಹಾದಲ್ಲಿ ಇದ್ದರು, ಒಂದು ವರ್ಷ ನಾನೂ ಜೊತೆಗಿದ್ದೆ. ಹೇಳಲು ಏನೂ ಇಲ್ಲ ಅಂತೀರಲ್ಲ, ಅಲ್ಲಿ ಮೆಣಸಿನಕಾಯಿಯನ್ನು ತರಕಾರಿ ಹಾಗೆ ತಿನ್ನುತ್ತಾರೆ ಅಂತ ಮಗಳಿಗೆ ಹೇಳಿದ್ದೀರಾ? ಎಮಾ ದಾತ್ಶಿ ಅಂದರೆ ಮೆಣಸಿನಕಾಯಿ, ಚೀಸು, ಅಷ್ಟೇ. ಮೊದಲ ಸಲ ತಿಂದು ನಮ್ಮವರು ಕಣ್ಣೀರು ಹಾಕಿದ್ದನ್ನು ನನ್ನ ಮಕ್ಕಳು ಇವತ್ತಿಗೂ ನೆನೆಸಿಕೊಂಡು ನಗುತ್ತಾರೆ. ಹಾದವರ ಹೊಯೆಂಟೆ ತಿಂದಿರಬೇಕಲ್ಲ? ಬಕ್‌ವೀಟ್ ಹಿಟ್ಟಿನ ಹಾಳೆಯೊಳಗೆ ಟರ್ನಿಪ್ ಸೊಪ್ಪು, ಚೀಸು ತುಂಬಿ ಬೇಯಿಸುತ್ತಾರೆ. ನೋಡಲು ನಮ್ಮ ಕಡುಬೇ. ಒಂದು ಫೋಟೋ ಕಳಿಸಿ, ಪ್ರಶ್ನೆ ತಾನಾಗಿ ಬರುತ್ತದೆ.

ಇನ್ನೊಂದು. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ. ನೀವು ಊಟ ಮುಗಿಸಿ ಒಂಬತ್ತೂವರೆಗೆ ಫೋನ್ ಮಾಡಿದರೆ ಇಲ್ಲಿ ಒಂಬತ್ತು. ಹುಡುಗಿ ತೂಕಡಿಸುತ್ತಿರುತ್ತಾಳೆ, ಇನ್ನೇನು ಮಾತಾಡುತ್ತಾಳೆ? ಏಳಕ್ಕೇ ಮಾಡಿ.

ಬೇಸಿಗೆ ರಜೆಗೆ ಇಬ್ಬರನ್ನೂ ಕರೆಸಿಕೊಳ್ಳಿ. ಬಾಗ್‌ಡೋಗ್ರಾವರೆಗೆ ವಿಮಾನ, ಅಲ್ಲಿಂದ ಜೈಗಾಂವ್‌ವರೆಗೆ ರಸ್ತೆ, ಗೇಟು ದಾಟಿದರೆ ಭೂತಾನ್. ನಮಗೆ ವೀಸಾ ಬೇಡ. ದೊಡ್ಡವರಿಗೆ ಪಾಸ್‌ಪೋರ್ಟೋ ವೋಟರ್ ಕಾರ್ಡೋ ಬೇಕು, ಮಗುವಿಗೆ ಜನನ ಪ್ರಮಾಣಪತ್ರ. ಆಧಾರ್ ಸಾಕು ಅಂದುಕೊಂಡು ಹೋಗಿ ಗಡಿಯಲ್ಲಿ ಪೆಚ್ಚಾಗಿ ನಿಂತವಳು ನಾನೇ! ಪಾರೋದಿಂದ ಹಾ ಕಣಿವೆಗೆ ಬರುವಾಗ ಚೆಲೆ ಲಾ ಕಣಿವೆ ದಾರಿ ಹಿಡಿಯಿರಿ. ಸುಮಾರು 4,000 ಮೀಟರ್ ಎತ್ತರ, ದಾರಿಯುದ್ದಕ್ಕೂ ಪ್ರಾರ್ಥನೆಯ ಬಾವುಟಗಳು. ಸ್ವೆಟರ್ ಜಾಸ್ತಿ ಇರಲಿ.
– ಸೈನಿಕರ ಮಡದಿ, ಮೈಸೂರು

ನಮ್ಮವರು 1962ರಿಂದ ಹಾದಲ್ಲಿ ಕಲಿಸುತ್ತಿದ್ದಾರೆ. ನಿಮಗೆ ಎಂಟೇ ತಿಂಗಳಿಗೆ ಸುಸ್ತಾ? ಸಂಜೆ ಕೋಣೆ ಬಿಟ್ಟು ಬಿಲ್ಲುಗಾರಿಕೆ ಮೈದಾನಕ್ಕೆ ಹೋಗಿ. ಎರಡು ಗುರಿಹಲಗೆಗಳ ನಡುವೆ 140 ಮೀಟರ್‌ಗಿಂತ ಜಾಸ್ತಿ. ನಿಮ್ಮ ಬಾಣ ಅರ್ಧ ದಾರಿಯಲ್ಲೇ ಬೀಳುತ್ತದೆ. ಎದುರು ತಂಡದವರು ಗೇಲಿ ಮಾಡುತ್ತಾರೆ, ಗುರಿಗೆ ತಾಗಿದರೆ ನಿಮ್ಮ ತಂಡದವರು ಹಾಡಿ ಕುಣಿಯುತ್ತಾರೆ. ನಿಮ್ಮ ಶಿಷ್ಯರ ಎದುರೇ ಸೋತು ಬನ್ನಿ.
– ನಿವೃತ್ತ ಹವಾಲ್ದಾರ್, ಬೆಳಗಾವಿ

ಅಂಕಲ್, ನಾನು ಏಳನೇ ಕ್ಲಾಸು. ನನ್ನ ಅಪ್ಪನೂ ದೂರದಲ್ಲಿದ್ದಾರೆ. ಫೋನ್ ಮಾಡಿ ದಿನಾ “ಚೆನ್ನಾಗಿ ಓದ್ತಿದೀಯಾ? ಊಟ ಆಯ್ತಾ? ಅಮ್ಮನ ಮಾತು ಕೇಳ್ತೀಯಾ?” ಅಂತ ಕೇಳುತ್ತಾರೆ. ನಾನು ಮೂರಕ್ಕೂ “ಹ್ಞೂಂ” ಅನ್ನುತ್ತೇನೆ. ಒಂದು ಸಲ ಮಾತ್ರ, ಅವರ ಕ್ಯಾಂಪಿನ ನಾಯಿ ಒಬ್ಬರ ಶೂ ಕಚ್ಚಿಕೊಂಡು ಪರೇಡಿನ ಮಧ್ಯೆ ಓಡಿದ್ದನ್ನು ಹೇಳಿದರು. ಅವತ್ತು ಇಪ್ಪತ್ತು ನಿಮಿಷ ಮಾತಾಡಿದೆವು. ತಟ್ಟೆಯಲ್ಲಿದ್ದ ಸಾರನ್ನ ತಣ್ಣಗಾಯಿತು ಅಂತ ಅಮ್ಮ ಬೈದರು. ನಿಮ್ಮ ಹತ್ತಿರ ನಾಯಿ ಇದೆಯಾ?
– ವಿದ್ಯಾರ್ಥಿನಿ, ಹಾಸನ